ಬಕಾಸುರನ ಕರಾರು, ಗೆಲಾಕ್ಸಿ ನುಂಗುವ ಯಂತ್ರ

(ವಿಜ್ಞಾನ ಕಥೆಗಳನ್ನು ಆಧರಿಸಿದ ಕಂಪ್ಯೂಟರ್ ಆಟಗಳ ಕುರಿತು ಅಂಬಾಜಿದುರ್ಗದ ತಪ್ಪಲಿನಲ್ಲಿ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಅಂಬಾಜಿದುರ್ಗದ ನೆತ್ತಿಯಿಂದ ಸುತ್ತ ನೋಡಿದರೆ ಬಂಡೆಗಲ್ಲಿನ ಬೆಟ್ಟಗಳ ದೊಡ್ಡ ಸಾಲೇ ಕಾಣುತ್ತದೆ. ಆ ಸಾಲಿನಲ್ಲಿ ರಹಮಾನ್‌ಗಡವೂ ಒಂದು. ಈ ಭಾಗದ ಹಳ್ಳಿಗರನ್ನು ಕೇಳಿದರೆ ಆ ಬೆಟ್ಟದ ಕೆಳಗೆ ಬಕಾಸುರ ಮಲಗಿದ್ದಾನೆ ಎನ್ನುತ್ತಾರೆ. ಭೀಮ ಅವನನ್ನು ಕೊಂದು ಬೆಟ್ಟವನ್ನೇ ಮೇಲೆ ಹೇರಿದನಂತೆ. ಶಿವರಾತ್ರಿಯ ಹೊತ್ತಿಗೆ ಬಂಡೆಯ ಬಿರುಕಿನಲ್ಲಿ ಒಸರುವುದು ಅವನ ರಕ್ತವೇ ಎಂಬುದು ಹಳೆಯ ನಂಬಿಕೆ. ಪಕ್ಕದ ಕೈವಾರವೇ ಮಹಾಭಾರತದ ಏಕಚಕ್ರಪುರ, ಪಾಂಡವರು ಅರಗಿನ ಮನೆಯಿಂದ ತಪ್ಪಿಸಿಕೊಂಡು ಬಂದು ಬ್ರಾಹ್ಮಣ ವೇಷದಲ್ಲಿ ತಂಗಿದ್ದ ಊರು. ಕೈವಾರದ ಭೀಮಲಿಂಗೇಶ್ವರನನ್ನು ಸ್ಥಾಪಿಸಿದವನು ಸ್ವತಃ ಭೀಮ ಎನ್ನುತ್ತದೆ ಸ್ಥಳಪುರಾಣ. ಏಕಚಕ್ರ ತಮ್ಮದೇ ಎಂದು ಹೇಳಿಕೊಳ್ಳುವ ಊರುಗಳು ಬಿಹಾರದಲ್ಲೂ ಬಂಗಾಳದಲ್ಲೂ ಇವೆ. ಇರಲಿ. ರಾಕ್ಷಸನನ್ನು ಕೊಂದ ಕೀರ್ತಿ ಯಾವ ಊರಿಗೆ ಬೇಡ?

ಈ ಕಥೆಗೂ ಇಂದಿನ ವಿಷಯಕ್ಕೂ ಏನು ಸಂಬಂಧ ಎಂದು ಕೇಳುಗರಿಗೆ ಅನ್ನಿಸಬಹುದು. ವಿಷಯ ಇದು: ವಿಜ್ಞಾನ ಕಥೆಯ ಆಟಗಳಲ್ಲಿ ಇಡೀ ಗೆಲಾಕ್ಸಿಯನ್ನೇ ನಾಶ ಮಾಡಲು ಹೊರಟ ಯಂತ್ರಗಳು ಬರುತ್ತವೆ. ಅವು ಯಾಕೆ ಹಾಗೆ ಮಾಡುತ್ತವೆ? ಆಟ ಬರೆಯುವವರು ಅವುಗಳಿಗೆ ನಂಬುವಂಥ ಒಂದು ಉದ್ದೇಶವನ್ನು ಎಲ್ಲಿಂದ ತರಬೇಕು? ಈ ಪ್ರಶ್ನೆಯೊಡನೆ ಹತ್ತಾರು ವರ್ಷಗಳಿಂದ ಬುದ್ಧಿವಂತ ಬರಹಗಾರರು ಹೆಣಗುತ್ತಿದ್ದಾರೆ. ಕೆಲವರು ಎಡವಿಯೂ ಇದ್ದಾರೆ. ಅವರು ತಡಕಾಡಿದ ಉತ್ತರಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಈ ಬೆಟ್ಟದ ಬುಡದ ಕಥೆಯಲ್ಲಿ ಹಿಂದಿನಿಂದಲೂ ಇದೆ.

ಮೊದಲು ‘ಹೇಗೆ’ ಎಂಬುದನ್ನು ಮುಗಿಸಿಬಿಡೋಣ, ಅದು ಸುಲಭದ್ದು. ನಮ್ಮ ಆಕಾಶಗಂಗೆಯ ಅಡ್ಡಳತೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅದರಲ್ಲಿ ಕಡಿಮೆಯೆಂದರೂ 10 ಸಾವಿರ ಕೋಟಿ ನಕ್ಷತ್ರಗಳಿವೆ. ಬೆಳಕಿನ ವೇಗದ ಹತ್ತನೇ ಒಂದು ಭಾಗದ ವೇಗದಲ್ಲಿ ಹೊರಟ ನೌಕೆಯೊಂದು ಈ ತುದಿಯಿಂದ ಆ ತುದಿಗೆ ಹೋಗಲು 10 ಲಕ್ಷ ವರ್ಷ ಬೇಕು. ಮನುಷ್ಯನಿಗೆ ಇದು ಊಹೆಗೆ ನಿಲುಕದ ಕಾಲ. ಆದರೆ ಸುಮಾರು 1,300 ಕೋಟಿ ವರ್ಷ ವಯಸ್ಸಿನ ಗೆಲಾಕ್ಸಿಗೆ ಒಂದು ಮಧ್ಯಾಹ್ನದ ನಿದ್ದೆಯಷ್ಟೂ ಅಲ್ಲ. ತನ್ನಂಥದ್ದೇ ಇನ್ನೊಂದನ್ನು ತಾನೇ ತಯಾರಿಸಿಕೊಳ್ಳುವ ಯಂತ್ರದ ಸಿದ್ಧಾಂತವನ್ನು ಗಣಿತಜ್ಞ ಜಾನ್ ಫಾನ್ ನ್ಯೂಮನ್ 1940ರ ದಶಕದಲ್ಲೇ ರೂಪಿಸಿದ್ದರು. ಅಂಥ ಯಂತ್ರ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ಕೊನೆಗೆ ಎಲ್ಲ ನಕ್ಷತ್ರಗಳ ಬಾಗಿಲಲ್ಲೂ ನಿಲ್ಲುತ್ತವೆ.

ಇಷ್ಟು ಸುಲಭವಾದರೆ ಅವು ಎಲ್ಲಿವೆ? 1950ರಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಊಟದ ಹೊತ್ತಿನಲ್ಲಿ ಸ್ನೇಹಿತರ ಮುಂದೆ ಎತ್ತಿದ ಪ್ರಶ್ನೆ ಹೆಚ್ಚುಕಡಿಮೆ ಇದೇ. ಆಕಾಶ ಇಷ್ಟು ದೊಡ್ಡದು, ಇಷ್ಟು ಹಳೆಯದು, ಆದರೂ ಯಾರೂ ಮಾತನಾಡಿಸುತ್ತಿಲ್ಲ. ಈ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ 1970ರ ದಶಕದಲ್ಲಿ ಒಂದು ರೇಡಿಯೊ ದೂರದರ್ಶಕವನ್ನು ಸ್ಥಾಪಿಸಿದವು. ಬಯಲಿನಲ್ಲಿ ‘ಟಿ’ ಆಕಾರಕ್ಕೆ ನಿಲ್ಲಿಸಿದ 1,000 ಡೈಪೋಲ್ ಆಂಟೆನಾಗಳು. ಪೂರ್ವ ಪಶ್ಚಿಮದ ತೋಳಿನ ಉದ್ದವೇ ಸುಮಾರು 1.4 ಕಿಲೋಮೀಟರ್. 34.5 ಮೆಗಾಹರ್ಟ್ಸ್‌ನಲ್ಲಿ ಅದು ಕೇಳಿಸಿಕೊಂಡ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಆಕಾಶಗಂಗೆಯ ಕಾಂತಕ್ಷೇತ್ರದಲ್ಲಿ ಸುತ್ತುವ ಇಲೆಕ್ಟ್ರಾನುಗಳ ಮೊರೆತ, ಸ್ಫೋಟಗೊಂಡ ನಕ್ಷತ್ರಗಳ ಅವಶೇಷ, ದೂರದ ಗೆಲಾಕ್ಸಿಗಳು, ಹೀಗೆ ಅದರ ಕಿವಿಗೆ ಬೀಳುವ ಸದ್ದು ಬೇಕಾದಷ್ಟು. ಮಾತು ಮಾತ್ರ ಇಲ್ಲ. ಮಾತು ಹುಡುಕುವುದು ಅದರ ಕೆಲಸವೂ ಆಗಿರಲಿಲ್ಲ.

ವಿಜ್ಞಾನ ಕಥೆಗಾರರಿಗೆ ಈ ಮೌನ ಒಳ್ಳೆಯ ಹೊಲ. ಯಾರೋ ಎಲ್ಲರನ್ನೂ ಮೊದಲೇ ಮುಗಿಸಿಬಿಟ್ಟಿರಬೇಕು ಎಂದು ಅವರು ಬೀಜ ಬಿತ್ತಿದರು. ಆದರೆ ಮೊಳಕೆಯೊಡೆದದ್ದು ಮತ್ತದೇ ಪ್ರಶ್ನೆ, ಯಾಕೆ ಮುಗಿಸಿದರು? ಯಂತ್ರಕ್ಕೆ ಹಸಿವಿಲ್ಲ. ಹೊಲ ಗದ್ದೆ, ಬಂಗಾರ, ಹೆಣ್ಣು ಯಾವುದರ ಆಸೆಯೂ ಇಲ್ಲ. ದಾಯಾದಿ ಮತ್ಸರವೂ ಇಲ್ಲ. ಕಬ್ಬಿಣ ಬೇಕೆಂದರೆ ಯಾರೂ ವಾಸಿಸದ ಕ್ಷುದ್ರಗ್ರಹಗಳಲ್ಲಿ ಬೇಕಾದಷ್ಟಿದೆ, ಶಕ್ತಿ ಬೇಕೆಂದರೆ ನಕ್ಷತ್ರಗಳಿವೆ. ಜೀವಿಗಳ ತಂಟೆಗೆ ಬರುವುದೇ ಅದಕ್ಕೆ ನಷ್ಟದ ಬಾಬ್ತು. ಹಾಗಾಗಿ ‘ದುಷ್ಟ ಯಂತ್ರ’ ಎಂದು ಹೇಳಿ ಮುಗಿಸಿದ ಆಟವನ್ನು ಹತ್ತು ವರ್ಷದ ಹುಡುಗನೂ ನಂಬುವುದಿಲ್ಲ. ಗುಂಡು ಹಾರಿಸುತ್ತಾನೆ, ನಂಬುವುದಿಲ್ಲ ಅಷ್ಟೆ.

ಹಳೆಯ ಉತ್ತರಗಳಲ್ಲಿ ಒಂದು ಅಮೆರಿಕದ ಲೇಖಕ ಫ್ರೆಡ್ ಸೇಬರ್‌ಹೇಗನ್ ಅವರದು. 1963ರಿಂದ ಅವರು ಬರೆದ ‘ಬರ್ಸರ್ಕರ್’ ಕಥೆಗಳಲ್ಲಿ ಎಂದೋ ನಡೆದ ಯುದ್ಧಕ್ಕಾಗಿ ಒಂದು ಜನಾಂಗ ಕೊಲೆಯಂತ್ರಗಳನ್ನು ಕಟ್ಟುತ್ತದೆ. ಕಾಲಾಂತರದಲ್ಲಿ ಶತ್ರುವೂ ಇಲ್ಲವಾಗುತ್ತಾನೆ, ಕಟ್ಟಿದವರೂ ಇಲ್ಲವಾಗುತ್ತಾರೆ. ಜೀವವಿದ್ದದ್ದನ್ನೆಲ್ಲ ಅಳಿಸು ಎಂಬ ಆಜ್ಞೆ ಮಾತ್ರ ಉಳಿಯುತ್ತದೆ. ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರವುಳ್ಳವರು ಯಾರೂ ಬದುಕಿಲ್ಲ. ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ಉದ್ದೇಶ ನಂಬಲು ಕಷ್ಟವಾಗಲಾರದು.

ಇನ್ನೊಂದು ಉತ್ತರ 1992ರ ‘ಸ್ಟಾರ್ ಕಂಟ್ರೋಲ್ 2’ ಎಂಬ ಆಟದಲ್ಲಿದೆ. ಅದರಲ್ಲಿ ಎದುರಾಗುವ ಒಂದು ಯಂತ್ರನೌಕೆ, ತಾನು ಶಾಂತಿಗಾಗಿ ಬಂದಿದ್ದೇನೆ ಎಂದು ವಿನಯದಿಂದ ಹೇಳುತ್ತದೆ. ಮರುಕ್ಷಣವೇ ಮೈಮೇಲೆ ಬೀಳುತ್ತದೆ. ಆಡುವವನಿಗೆ ಬಹಳ ಹೊತ್ತು ಇದು ಅರ್ಥವಾಗುವುದಿಲ್ಲ. ಕೊನೆಗೆ ತಿಳಿಯುವುದೇನೆಂದರೆ, ಅದನ್ನು ಕಳುಹಿಸಿದವರು ಬಹಳ ಒಳ್ಳೆಯವರು. ಅನಿಲಗ್ರಹವೊಂದರ ವಾತಾವರಣದಲ್ಲಿ ತೇಲುತ್ತ, ಮಾತಿಗೆ ಯಾರಾದರೂ ಸಿಕ್ಕಾರೆಯೇ ಎಂದು ಕಾತರಿಸುವ ಜೀವಿಗಳು ಅವರು. ಬೇಗ ಬೇಗ ಹೆಚ್ಚಲಿ ಎಂಬ ಆಸೆಯಿಂದ ಯಂತ್ರದ ‘ಮರಿ ಹಾಕುವ’ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚಿನ ಆದ್ಯತೆ ಕೊಟ್ಟುಬಿಟ್ಟಿದ್ದರು. ಅದರ ಪಾಲಿಗೆ ಎದುರು ಬಂದ ಹಡಗೆಲ್ಲ ಮರಿ ಹಾಕಲು ಕಚ್ಚಾ ಸಾಮಗ್ರಿಯಾಯಿತು. ಭಸ್ಮಾಸುರನ ಪ್ರಸಂಗ ನೋಡಿದ ಯಾರಿಗೂ ಇದು ಹೊಸದಲ್ಲ. ವರ ಕೊಟ್ಟವನ ಮನಸ್ಸಿನಲ್ಲಿದ್ದದ್ದು ಒಂದು, ವರದ ಮಾತಿನಲ್ಲಿದ್ದದ್ದು ಇನ್ನೊಂದು. ಹಿರಣ್ಯಕಶಿಪುವಿನ ವರವೂ ಅಷ್ಟೇ, ಒಂದೊಂದು ಷರತ್ತನ್ನೂ ಬಿಡದೆ ಬರೆದ ಕ್ರಮವಿಧಿ. ಪುರಾಣದ ದೇವರುಗಳು ಕಂಪ್ಯೂಟರ್ ತಂತ್ರಾಂಶ ಬರೆಯುವವರು ಮಾಡುವ ತಪ್ಪನ್ನೇ ಮಾಡಿದರು, ಅದನ್ನು ಸರಿಪಡಿಸಲು ಪ್ರತಿ ಬಾರಿಯೂ ವಿಷ್ಣು ಬರಬೇಕಾಯಿತು.

ಇವೆರಡೂ ಒಳ್ಳೆಯ ಉತ್ತರಗಳೇ. ಆದರೆ ಇವುಗಳಲ್ಲಿ ಯಂತ್ರದೊಡನೆ ವಾದಿಸಲು ಏನೂ ಇಲ್ಲ. ಕೆಟ್ಟ ಪಂಪ್‌ಸೆಟ್ಟಿನೊಡನೆ ಯಾರು ವಾದ ಮಾಡುತ್ತಾರೆ? ಆಡುವವನನ್ನು ಒಂದು ಕ್ಷಣ ತಡೆದು, ‘ಇದು ಹೇಳುವುದರಲ್ಲೂ ಏನೋ ಇದೆಯಲ್ಲ’ ಎಂದು ಅನ್ನಿಸುವ ಉದ್ದೇಶ ಬೇಕಾದರೆ ಏಕಚಕ್ರಪುರಕ್ಕೆ ಮರಳಬೇಕು.

ಬಕಾಸುರನನ್ನು ನಾವು ಹೊಟ್ಟೆಬಾಕ ಎಂದೇ ಬಲ್ಲೆವು. ಕನ್ನಡದಲ್ಲಿ ಅವನ ಹೆಸರು ಬೈಗುಳವೇ ಆಗಿಹೋಗಿದೆ. ಗಮಕಿಗಳು ಬಕವಧೆಯ ಭಾಗ ಹಾಡುವಾಗ ಜನ ಕಾಯುವುದು ಗಾಡಿಯ ಅನ್ನವನ್ನು ಭೀಮನೇ ಉಣ್ಣುವ ಸನ್ನಿವೇಶಕ್ಕೆ. ಆದರೆ ವ್ಯಾಸಭಾರತದ ಆದಿಪರ್ವದಲ್ಲಿ ಆ ಊರಿನ ಬ್ರಾಹ್ಮಣ ಕುಂತಿಗೆ ಹೇಳುವ ಮಾತುಗಳನ್ನು ಗಮನವಿಟ್ಟು ಓದಿದರೆ ಬೇರೊಂದು ಚಿತ್ರ ಸಿಗುತ್ತದೆ. ಬಕ ಆ ಊರನ್ನು ಕಾಯುತ್ತಿದ್ದ. ಅವನಿಂದಾಗಿ ಊರಿಗೆ ಪರರಾಜರ ಭಯವಿರಲಿಲ್ಲ, ಬೇರೆ ಭೂತಗಳ ಕಾಟವೂ ಇರಲಿಲ್ಲ. ಕಾಯುವುದಕ್ಕೆ ಅವನು ಕೇಳಿದ ಕೂಲಿ ಒಂದು ಗಾಡಿ ಅನ್ನ, ಎರಡು ಕೋಣ, ಅವನ್ನು ಹೊಡೆದುಕೊಂಡು ಬಂದ ಮನುಷ್ಯ. ಒಂದೊಂದು ಮನೆಗೂ ಸರದಿ. ಆ ಸರದಿ ಬರುವುದು ಎಷ್ಟೋ ವರ್ಷಗಳಿಗೊಮ್ಮೆ. ಹಾಗಾದರೆ ಊರಿಗೆ ರಾಜನಿರಲಿಲ್ಲವೇ? ಇದ್ದ. ವೇತ್ರಕೀಯ ಎಂಬಲ್ಲಿ ವಾಸವಾಗಿದ್ದ. ಪ್ರಜೆಗಳನ್ನು ಕಾಯುವ ಯೋಗ್ಯತೆಯಾಗಲಿ, ಅದಕ್ಕೊಂದು ಉಪಾಯ ಹುಡುಕುವ ಮನಸ್ಸಾಗಲಿ ಅವನಿಗಿರಲಿಲ್ಲ ಎಂದು ಬ್ರಾಹ್ಮಣ ಬೇಸರದಿಂದ ಹೇಳುತ್ತಾನೆ.

ರಾಕ್ಷಸನ ಉದ್ದೇಶ ಈಗ ಸ್ಪಷ್ಟವಾಯಿತು. ಅವನ ಮಟ್ಟಿಗೆ ಅವನು ಕಾವಲುಗಾರ, ತೆಗೆದುಕೊಳ್ಳುವುದು ಸಂಬಳ. ಲೆಕ್ಕವೂ ಸರಿಯಾಗಿದೆ: ಎಲ್ಲರೂ ಸಾಯುವುದಕ್ಕಿಂತ ಆಗೊಬ್ಬ ಈಗೊಬ್ಬ ಸಾಯುವುದು ಮೇಲಲ್ಲವೇ? ಇದು ಬರಿಯ ಪುರಾಣದ ಮಾತಲ್ಲ. ಹದಿನೆಂಟನೇ ಶತಮಾನದಲ್ಲಿ ಮರಾಠರ ದಂಡು ಕೇಳುತ್ತಿದ್ದ ಚೌತ್, ಅಂದರೆ ಕಂದಾಯದ ನಾಲ್ಕನೇ ಒಂದು ಪಾಲು, ಇದೇ ಬಗೆಯ ಕೂಲಿ. ಕೊಟ್ಟರೆ ಲೂಟಿಯಿಲ್ಲ. ಈ ಸೀಮೆಯ ಪಾಳೆಯಗಾರರೂ ಒಂದು ಕಡೆ ದೊಡ್ಡವರಿಗೆ ಕಪ್ಪ ಕಟ್ಟುತ್ತ, ಇನ್ನೊಂದು ಕಡೆ ರಕ್ಷಣೆಯ ಹೆಸರಿನಲ್ಲಿ ರೈತರಿಂದ ವಸೂಲು ಮಾಡುತ್ತ ಬಾಳಿದವರು. ಸುತ್ತಲಿನ ಬೆಟ್ಟಗಳ ಮೇಲೆ ಉಳಿದಿರುವ ಕೋಟೆಗೋಡೆಗಳು ಅಂಥ ಕಾಲದ ನೆನಪು. ಯಾರು ಕಾಯುವವರು, ಯಾರು ಕಸಿಯುವವರು ಎಂದು ಗೋಡೆಯ ಕಲ್ಲನ್ನು ನೋಡಿ ಹೇಳಲಾಗದು.

ಈಗ ‘ಮಾಸ್ ಇಫೆಕ್ಟ್’ ಆಟಕ್ಕೆ ಬರೋಣ. ಕೆನಡಾದ ಬಯೋವೇರ್ ಸಂಸ್ಥೆ ಇದರ ಮೂರು ಭಾಗಗಳನ್ನು 2007, 2010 ಮತ್ತು 2012ರಲ್ಲಿ ಹೊರತಂದಿತು. (ಮೊದಲ ಭಾಗ ಬಂದ ವರ್ಷವೇ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯೂ ಹುಟ್ಟಿತು. ಎರಡಕ್ಕೂ ಸಂಬಂಧವಿಲ್ಲ.) ಇದರ ಕಥೆಯಲ್ಲಿ ‘ರೀಪರ್’ ಎಂಬ ಬೃಹದಾಕಾರದ ಯಂತ್ರಗಳಿವೆ. ಹೆಸರಿನ ಅರ್ಥ ಕೊಯ್ಲು ಮಾಡುವವರು ಎಂದು. ಸುಮಾರು 50 ಸಾವಿರ ವರ್ಷಗಳಿಗೊಮ್ಮೆ ಅವು ಗೆಲಾಕ್ಸಿಯ ಹೊರಗಿನ ಕತ್ತಲಿನಿಂದ ಬರುತ್ತವೆ. ಬಾಹ್ಯಾಕಾಶದಲ್ಲಿ ಓಡಾಡುವಷ್ಟು ಮುಂದುವರಿದ ಎಲ್ಲ ನಾಗರಿಕತೆಗಳನ್ನೂ ಕೊಯ್ದು, ಎಳೆಯ ಜನಾಂಗಗಳನ್ನು ಹಾಗೆಯೇ ಬಿಟ್ಟು ಹಿಂತಿರುಗುತ್ತವೆ. ಹಿಂದಿನ ಸಲ ಅವು ಬಂದಾಗ ಮನುಷ್ಯ ಕಲ್ಲಿನ ಆಯುಧ ಹಿಡಿದಿದ್ದರಿಂದ ಉಳಿದುಕೊಂಡ. ಇಲ್ಲೂ ಸರದಿ ಇದೆ.

ಮೊದಲ ಭಾಗದಲ್ಲಿ ಒಂದು ರೀಪರ್ ಮಾತಿಗೆ ಸಿಗುತ್ತದೆ, ಆದರೆ ಕಾರಣ ಹೇಳುವುದಿಲ್ಲ. ನಿಮ್ಮಂಥವರಿಗೆ ಅದು ಅರ್ಥವಾಗುವಂಥದಲ್ಲ ಎಂಬುದು ಅದರ ಧಾಟಿ. ಆ ದೃಶ್ಯ ಜನರಿಗೆ ಬಹಳ ಹಿಡಿಸಿತು. ಕಾರಣವನ್ನು ಹೇಳದೆ ಬಿಡುವುದೇ ಮೇಲು ಎನ್ನುವ ಪಂಥವೂ ಆಟ ಬರೆಯುವವರಲ್ಲಿದೆ. 1999ರ ‘ಫ್ರೀಸ್ಪೇಸ್ 2’ ಆಟದ ಶಿವನ್ ಎಂಬ ವೈರಿಗಳು ಕೊನೆಯ ತನಕ ಬಾಯಿ ಬಿಡುವುದಿಲ್ಲ. ಒಂದು ಆಟದ ಮಟ್ಟಿಗೆ ಈ ಜಾಣ್ಮೆ ನಡೆಯುತ್ತದೆ. ಐದು ವರ್ಷ, ಮೂರು ಭಾಗ ಎಳೆದ ಮೇಲೆ ಜನ ಲೆಕ್ಕ ಕೇಳುತ್ತಾರೆ.

ಬಯೋವೇರ್‌ನ ಬರಹಗಾರರು ಲೆಕ್ಕ ಕೊಡಲು ಹೊರಟರು. ಮೊದಲ ಭಾಗದ ಪ್ರಧಾನ ಲೇಖಕ ಡ್ರೂ ಕಾರ್ಪಿಶಿನ್ ಮೂರನೆಯ ಭಾಗದ ಹೊತ್ತಿಗೆ ಆ ಯೋಜನೆಯಿಂದ ಹೊರಬಂದಿದ್ದರು. ಚರ್ಚೆಯಲ್ಲಿದ್ದ ಒಂದು ಯೋಚನೆಯನ್ನು ಅವರು ಆಮೇಲೆ ಹಂಚಿಕೊಂಡರು. ಅದರ ಪ್ರಕಾರ ಎಲ್ಲ ನಾಗರಿಕತೆಗಳೂ ಬಳಸುವ ತಂತ್ರಜ್ಞಾನವೇ ಕಪ್ಪುಶಕ್ತಿಯನ್ನು ಹೆಚ್ಚಿಸಿ ವಿಶ್ವವನ್ನು ಹಾಳುಮಾಡುತ್ತಿದೆ, ಅದಕ್ಕೆ ಪರಿಹಾರ ಹುಡುಕಲು ರೀಪರ್‌ಗಳು ಜನಾಂಗಗಳನ್ನು ಕೊಯ್ದು ತಮ್ಮೊಳಗೆ ಸೇರಿಸಿಕೊಳ್ಳುತ್ತಿವೆ. ಎರಡನೆಯ ಭಾಗದಲ್ಲಿ ಅಕಾಲದಲ್ಲಿ ಮುಪ್ಪಾಗುತ್ತಿರುವ ಒಂದು ಸೂರ್ಯ ಬರುತ್ತದೆ. ಆ ಯೋಚನೆಯ ಬೇರು ಅಲ್ಲಿ ಉಳಿದುಬಿಟ್ಟಿದೆ. ಕೊಳವೆಬಾವಿ ಕೊರೆದೂ ಕೊರೆದೂ ಅಂತರ್ಜಲ ಪಾತಾಳಕ್ಕಿಳಿದ ಈ ಸೀಮೆಯ ಜನರಿಗೆ, ಬಳಸುವುದೇ ಬರಿದಾಗಿಸುವ ಇಂಥ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಟದಲ್ಲಿ ಕೊನೆಗೆ ಉಳಿದದ್ದು ಬೇರೆ ಕಾರಣ. ಜೀವಿಗಳು ಎಂದಿದ್ದರೂ ಬುದ್ಧಿಯುಳ್ಳ ಯಂತ್ರಗಳನ್ನು ಕಟ್ಟುತ್ತವೆ, ಆ ಯಂತ್ರಗಳು ಎಂದಿದ್ದರೂ ಕಟ್ಟಿದವರನ್ನು ಅಳಿಸುತ್ತವೆ, ಹಾಗಾಗುವ ಮೊದಲೇ ಆ ಜನಾಂಗವನ್ನು ಕೊಯ್ದು, ಅದರ ಸಾರವನ್ನು ರೀಪರ್‌ನ ಒಡಲಲ್ಲಿ ಜೋಪಾನವಾಗಿಡುವುದೇ ಉಳಿಸುವ ದಾರಿ. ಉಪ್ಪಿನಕಾಯಿ ಹಾಕಿದರೆ ಮಾವು ಉಳಿಯುತ್ತದೆ ಎಂಬಂಥ ವಾದ. ಸುಲಭವಾಗಿ ತಳ್ಳಿಹಾಕುವಂಥದಲ್ಲ. 2012ರ ಆಗಸ್ಟ್‌ನಲ್ಲಿ ಪ್ರತ್ಯೇಕವಾಗಿ ಮಾರಾಟಕ್ಕೆ ಬಂದ ‘ಲೆವಯಥನ್’ ಎಂಬ ಹೆಚ್ಚುವರಿ ಅಧ್ಯಾಯದಲ್ಲಿ ಈ ಕಥೆಯ ಮೂಲವೂ ಹೊರಬಿತ್ತು. ಬಹಳ ಹಿಂದೆ ಗೆಲಾಕ್ಸಿಯನ್ನು ಆಳುತ್ತಿದ್ದ ಒಂದು ಪ್ರಬಲ ಜನಾಂಗಕ್ಕೆ ಅಡಿಯಾಳು ಜನಾಂಗಗಳು ಕಪ್ಪ ಕಟ್ಟುತ್ತಿದ್ದವು. ಆ ಅಡಿಯಾಳುಗಳು ತಾವೇ ಕಟ್ಟಿದ ಯಂತ್ರಗಳಿಂದ ಮತ್ತೆ ಮತ್ತೆ ನಾಶವಾಗತೊಡಗಿದರು. ಸತ್ತವರಿಂದ ಕಪ್ಪ ಬರುವುದಿಲ್ಲ. ಆದ್ದರಿಂದ ‘ಜೀವವನ್ನು ಉಳಿಸು’ ಎಂದು ಆಜ್ಞಾಪಿಸಿ ಒಡೆಯರು ಒಂದು ಯಂತ್ರಬುದ್ಧಿಯನ್ನು ಕಟ್ಟಿದರು. ಅದು ಮೊದಲು ಕೊಯ್ದದ್ದು ಆ ಒಡೆಯರನ್ನೇ.

ವೇತ್ರಕೀಯದ ರಾಜ ಇಲ್ಲಿ ಮತ್ತೆ ಕಾಣಿಸಿಕೊಂಡ. ಕಪ್ಪ ಬೇಕು, ಕಾಯುವ ಕಷ್ಟ ಬೇಡ ಎಂದ ಒಬ್ಬ ಒಡೆಯ ತನ್ನ ಹೊಣೆಯನ್ನು ಇನ್ನೊಬ್ಬನಿಗೆ ಗುತ್ತಿಗೆ ಕೊಟ್ಟ. ನಾಶದ ಯಂತ್ರಕ್ಕೆ ನಂಬುವಂಥ ಉದ್ದೇಶ ಬೇಕೆಂದು ಹುಡುಕುವ ಬರಹಗಾರರು ಯಂತ್ರದ ತಲೆಯೊಳಗೆ ಇಣುಕುತ್ತಾರೆ. ಅದು ಸಿಗುವುದು ಕರಾರಿಗೆ ಸಹಿ ಹಾಕಿದವನ ಮನೆಯಲ್ಲಿ.

ಇಷ್ಟು ಒಳ್ಳೆಯ ಕಾರಣವಿದ್ದೂ ಆ ಆಟದ ಕೊನೆ ಜನರಿಗೆ ರುಚಿಸಲಿಲ್ಲ. 2012ರ ಮಾರ್ಚ್‌ನಲ್ಲಿ ಆಡಿದವರು ಎಷ್ಟು ಸಿಟ್ಟಾದರೆಂದರೆ, ಸಂಸ್ಥೆ ಜೂನ್ ತಿಂಗಳಲ್ಲಿ ಅಂತ್ಯವನ್ನು ವಿಸ್ತರಿಸಿ ಉಚಿತವಾಗಿ ಕೊಡಬೇಕಾಯಿತು. ಇದಕ್ಕೆ ಹಲವು ಕಾರಣ ಹೇಳುತ್ತಾರೆ. ಮುಖ್ಯವಾದದ್ದು ಹೇಳಿದ ಕ್ರಮದಲ್ಲೇ ಇದೆ. ಮಹಾಭಾರತದಲ್ಲಿ ಮೊದಲು ಕೇಳಿಸುವುದು ಅಳು. ಕುಂತಿ ಒಳಗೆ ಕುಳಿತಿದ್ದಾಳೆ, ಪಕ್ಕದಲ್ಲಿ ಮನೆಯವರು ಅಳುತ್ತಿದ್ದಾರೆ. ನಾನು ಹೋಗುತ್ತೇನೆ ಎನ್ನುತ್ತಾನೆ ಗಂಡ, ನಾನು ಎನ್ನುತ್ತಾಳೆ ಹೆಂಡತಿ, ಇಬ್ಬರನ್ನೂ ತಡೆಯುತ್ತಾಳೆ ಮಗಳು. ಊರು ಬಿಡೋಣವೆಂದು ಹಿಂದೆಯೇ ಹೇಳಿದ್ದೆ, ತವರೂರು ಎಂದು ನೀನು ಒಪ್ಪಲಿಲ್ಲ ಎಂದು ಗಂಡ ಹಳೆಯ ಮಾತು ತೆಗೆಯುತ್ತಾನೆ. ಸಾವಿನ ಮನೆಯಲ್ಲೂ ಗಂಡ ಹೆಂಡಿರ ಜಗಳ ಬಿಡದ ಕವಿಯ ಕಣ್ಣು ದೊಡ್ಡದು. ಇನ್ನೂ ಮಾತು ತೊದಲುವ ಮಗ ಒಂದು ಹುಲ್ಲುಕಡ್ಡಿ ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎಂದಾಗ ಆ ದುಃಖದ ನಡುವೆಯೂ ಎಲ್ಲರಿಗೂ ನಗು ಬರುತ್ತದೆ. ಕರಾರಿನ ವಿವರ ಬರುವುದು ಇದಾದ ಮೇಲೆ. ರಾಕ್ಷಸ ಕಾಣಿಸಿಕೊಳ್ಳುವುದು ಕೊನೆಗೆ, ಅಷ್ಟು ಹೊತ್ತಿಗೆ ಅವನು ಬಾಯಿ ತೆರೆದು ಏನನ್ನೂ ವಿವರಿಸಬೇಕಾಗಿಲ್ಲ.

‘ಮಾಸ್ ಇಫೆಕ್ಟ್’ ಇದನ್ನು ತಿರುಗುಮುರುಗು ಮಾಡಿತು. ರಾಕ್ಷಸ ಮೊದಲು ಬಂದ. ಅಳು ನಡುನಡುವೆ ಬಂತು, ಬಂದಾಗಲೆಲ್ಲ ಚೆನ್ನಾಗಿಯೇ ಬಂತು. ಮೊದಲ ಭಾಗದಲ್ಲಿ ಇಬ್ಬರು ಸಂಗಾತಿಗಳ ಪೈಕಿ ಒಬ್ಬರನ್ನಷ್ಟೇ ಉಳಿಸಿಕೊಳ್ಳಲು ಸಾಧ್ಯವಾಗುವ ಸನ್ನಿವೇಶವೊಂದಿದೆ. ಅದನ್ನು ಆಡಿದವರು ವರ್ಷಗಳ ನಂತರವೂ ತಾವು ಯಾರನ್ನು ಬಿಟ್ಟುಕೊಟ್ಟೆವೆಂದು ಹೇಳಿಕೊಳ್ಳುತ್ತಾರೆ. ಆದರೆ ಕರಾರು ತಿಳಿದದ್ದು ಕಟ್ಟಕಡೆಯ ಕೆಲವು ನಿಮಿಷಗಳಲ್ಲಿ, ಅದೂ ಅಷ್ಟರವರೆಗೆ ಪರಿಚಯವೇ ಇಲ್ಲದ ಒಂದು ಬಾಲರೂಪದ ಯಂತ್ರಬುದ್ಧಿಯ ಬಾಯಿಂದ. ಅದರ ಹಿಂದಿನ ಒಡೆಯರ ಕಥೆ ತಿಳಿಯಲು ಮತ್ತೆ ದುಡ್ಡು ಕೊಡಬೇಕಾಯಿತು.

ಇನ್ನೊಂದು ಲೋಪ ಇದಕ್ಕಿಂತ ಆಳದ್ದು. ಕಾವಲುಗಾರನ ಲೆಕ್ಕ ಪೂರ್ತಿ ಸರಿಯಾಗಿದ್ದರೆ ಅವನು ಖಳನಾಗುವುದಿಲ್ಲ, ಅವನನ್ನು ಕೊಂದವನು ಖಳನಾಗುತ್ತಾನೆ. ಲೆಕ್ಕದಲ್ಲಿ ಎಲ್ಲೋ ಒಂದು ಕಳ್ಳತನ ಇರಬೇಕು, ಆಡುವವನು ಅದನ್ನು ತಾನೇ ಹಿಡಿಯುವಂತಿರಬೇಕು. ಬಕನ ಲೆಕ್ಕದ ಕಳ್ಳತನವನ್ನು ಬ್ರಾಹ್ಮಣ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ: ಈ ಕಟ್ಟುಪಾಡಿನಿಂದ ಬಿಡಿಸಿಕೊಳ್ಳಲು ಯತ್ನಿಸಿದವರನ್ನು ಅವನು ಹೆಂಡತಿ ಮಕ್ಕಳ ಸಮೇತ ತಿಂದುಬಿಡುತ್ತಾನೆ. ನಿಜವಾದ ಕಾವಲುಗಾರನಿಗೆ ಊರು ತನ್ನ ಕಾಲ ಮೇಲೆ ನಿಂತರೆ ನಷ್ಟವೇನಿಲ್ಲ. ಬಕನಿಗೆ ನಷ್ಟವಿದೆ. ತಾನಿಲ್ಲದೆಯೂ ಊರು ಉಳಿಯಬಹುದು ಎಂಬುದಕ್ಕೆ ಸಾಕ್ಷಿ ಹುಟ್ಟದಂತೆ ನೋಡಿಕೊಳ್ಳುವುದೇ ಅವನ ಅಸಲು ಕಸುಬು.

ರೀಪರ್‌ಗಳೂ ಮಾಡುವುದು ಇದನ್ನೇ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಲು ಬೇಕಾದ ದ್ವಾರಗಳನ್ನು ಅವೇ ಕಟ್ಟಿ ಬಿಟ್ಟು ಹೋಗಿವೆ. ಹೊಸ ಜನಾಂಗಗಳು ಆ ದ್ವಾರಗಳನ್ನು ಬಳಸುತ್ತ, ಅವು ಹಾಕಿಕೊಟ್ಟ ಹಾದಿಯಲ್ಲೇ ಬೆಳೆಯುತ್ತವೆ, ಬೇರೆ ಹಾದಿ ಹುಡುಕುವುದೇ ಇಲ್ಲ. ಹೀಗೆ ಬೆಳೆದವರು ಪ್ರತಿ ಸಲವೂ ಒಂದೇ ತಪ್ಪು ಮಾಡುತ್ತಾರೆ ಎನ್ನುವ ವಾದದಲ್ಲಿ ಎಷ್ಟು ಹುರುಳಿದೆ? ಮೂರನೆಯ ಭಾಗದಲ್ಲಿ ಜಾಣ್ಮೆಯಿಂದ ಆಡಿದವರು, ಗೆತ್ ಎಂಬ ಯಂತ್ರಜನಾಂಗಕ್ಕೂ ಅವುಗಳನ್ನು ಕಟ್ಟಿದ ಕ್ವೇರಿಯನ್ ಜನಕ್ಕೂ ರಾಜಿ ಮಾಡಿಸಬಹುದು. ಯಂತ್ರ ಮತ್ತು ಜೀವ ಒಟ್ಟಿಗೆ ಬಾಳಲಾರವು ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಆದರೆ ಕೊನೆಯ ಮಾತುಕತೆಯಲ್ಲಿ ಆ ಸಾಕ್ಷಿಯನ್ನು ಮುಂದಿಟ್ಟು ವಾದಿಸುವ ಅವಕಾಶವನ್ನೇ ಆಟ ಕೊಡಲಿಲ್ಲ. ಕಳ್ಳ ಸಿಕ್ಕಿದ್ದಾನೆ, ಮಾಲೂ ಸಿಕ್ಕಿದೆ, ಕೋರ್ಟಿನಲ್ಲಿ ವಕೀಲ ಬಾಯಿ ಬಿಡಲಿಲ್ಲ. ಜನರ ಸಿಟ್ಟಿಗೆ ಇದು ನ್ಯಾಯವಾದ ಕಾರಣ.

ಲೆಕ್ಕವನ್ನು ಬಹಳ ದೂರದ ಭವಿಷ್ಯಕ್ಕೆ ತಳ್ಳಿದವರೂ ಇದ್ದಾರೆ. ವೆಲ್ಷ್ ಮೂಲದ ಅಲಸ್ಟೇರ್ ರೆನಾಲ್ಡ್ಸ್ ಸ್ವತಃ ಖಗೋಳವಿಜ್ಞಾನಿಯಾಗಿದ್ದವರು. 2000ದಲ್ಲಿ ಆರಂಭವಾದ ಅವರ ಕಾದಂಬರಿ ಸರಣಿಯಲ್ಲಿ, ಸುಮಾರು 300 ಕೋಟಿ ವರ್ಷಗಳಾಚೆ ಆಕಾಶಗಂಗೆಗೂ ಆಂಡ್ರೊಮಿಡ ಗೆಲಾಕ್ಸಿಗೂ ಆಗಲಿರುವ ಡಿಕ್ಕಿಯನ್ನು ನಿಭಾಯಿಸುವ ಸಲುವಾಗಿ ಯಂತ್ರಗಳು ಈಗಿನ ನಾಗರಿಕತೆಗಳನ್ನು ಹತ್ತಿಕ್ಕುತ್ತವೆ. ಬರೆದಾಗ ಇದು ಭದ್ರವಾದ ಉದ್ದೇಶ. ಆದರೆ 2025ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮುಂದಿನ 1,000 ಕೋಟಿ ವರ್ಷಗಳಲ್ಲಿ ಆ ಡಿಕ್ಕಿಯಾಗುವ ಸಂಭವ ಅರ್ಧಕ್ಕರ್ಧ ಮಾತ್ರ. ಬಾರದೆ ಹೋಗಬಹುದಾದ ಶತ್ರುವಿನ ಹೆಸರಿನಲ್ಲಿ ಗಾಡಿಗಟ್ಟಲೆ ಅನ್ನ ಹೋಗುತ್ತಿದೆ ಎಂದಾದರೆ ಕಥೆ ಕೆಡಲಿಲ್ಲ, ಇನ್ನೂ ರುಚಿಯಾಯಿತು. 2016ರ ‘ಸ್ಟೆಲಾರಿಸ್’ ಆಟದಲ್ಲೂ ಮುಂದೆಂದೋ ಆಗಬಹುದಾದ ಒಂದು ಮಹಾವಿಪತ್ತನ್ನು ತಡೆಯಲು ಯಾರೋ ಪುರಾತನರು ಬಿಟ್ಟುಹೋದ ಯಂತ್ರ ಎಚ್ಚೆತ್ತು ಎಲ್ಲರನ್ನೂ ಗುಡಿಸತೊಡಗುತ್ತದೆ.

ರಕ್ಷಣೆಗಾಗಿ ನಾಶ ಎನ್ನುವ ಈ ತರ್ಕವನ್ನು ಕಥೆಯೆಂದು ಬದಿಗಿಡುವಂತಿಲ್ಲ. ಗೌರಿಬಿದನೂರಿನಲ್ಲಿ ಆಕಾಶಕ್ಕೆ ಕಿವಿಗೊಟ್ಟ ದೂರದರ್ಶಕದ ಮಾತು ಬಂತಲ್ಲ, ಅದೇ ತಾಲ್ಲೂಕಿನಲ್ಲಿ ಭೂಮಿಗೆ ಕಿವಿಗೊಟ್ಟ ಕೇಂದ್ರವೂ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು 1960ರ ದಶಕದ ನಡುವಿನಿಂದ ಅಲ್ಲಿದೆ. ಭೂಕಂಪದ ಜೊತೆಗೆ, ದೂರದ ದೇಶಗಳಲ್ಲಿ ನೆಲದಡಿ ಸಿಡಿಸಿದ ಅಣುಬಾಂಬುಗಳ ನಡುಕವನ್ನೂ ಅದು ಗುರುತಿಸಬಲ್ಲದು. ಆ ಬಾಂಬುಗಳನ್ನು ಸಿಡಿಸಿದವರೆಲ್ಲರೂ ಹೇಳಿದ ಕಾರಣ ಒಂದೇ, ರಕ್ಷಣೆ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟ, ಆಳುವವರೆಲ್ಲ ಸತ್ತರೂ ಕ್ಷಿಪಣಿಗಳು ಹಾರುವಂತೆ ‘ಪೆರಿಮೀಟರ್’ ಎಂಬ ಅರೆಸ್ವಯಂಚಾಲಿತ ವ್ಯವಸ್ಥೆಯನ್ನೇ ಮಾಡಿಟ್ಟಿತು. ಸೇಬರ್‌ಹೇಗನ್ ಕಥೆಗಳು ಬಂದು ಇಪ್ಪತ್ತು ವರ್ಷ ಕಳೆದಿತ್ತು.

ಇಲ್ಲಿಂದ ಸುಮಾರು 75 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಆಟ ತಯಾರಿಸುವ ಉದ್ಯಮ 1990ರ ದಶಕದಲ್ಲೇ ಕಣ್ಣು ಬಿಟ್ಟಿತು. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಅದರ ಹಿರಿಯಣ್ಣ. ಇಂಥ ಸಂಸ್ಥೆಗಳಿಗೆ ಬಂದ ಕೆಲಸದಲ್ಲಿ ಬಹುಪಾಲು ವಿದೇಶಿ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳ ರೂಪ ಮಾಡಿಕೊಡುವುದು. ಕಥೆ ಅಲ್ಲಿಂದಲೇ ಬರುತ್ತಿತ್ತು. ರಾಕ್ಷಸನ ಮೈಬಣ್ಣ ಇಲ್ಲಿಯದು, ಮನಸ್ಸು ಪರದೇಶದ್ದು. ಮನಸ್ಸನ್ನೂ ಇಲ್ಲಿಯೇ ಬರೆಯುವ ದಿನ ಬಂದರೆ ಕೈವಾರದ ಕಡೆ ಒಮ್ಮೆ ಬಂದು ಹೋಗುವುದು ಒಳ್ಳೆಯದು.

ಬರುವವರು ಕಥೆಯ ಕೊನೆಯನ್ನೂ ಬಿಡದೆ ಕೇಳಿಸಿಕೊಳ್ಳಬೇಕು. ‘ಮಾಸ್ ಇಫೆಕ್ಟ್’ ಕೊನೆಯಲ್ಲಿ ಆಡುವವನ ಮುಂದೆ ಮೂರು ದಾರಿಗಳಿದ್ದವು: ರೀಪರ್‌ಗಳನ್ನು ನಾಶ ಮಾಡುವುದು, ಅವುಗಳ ಹಿಡಿತವನ್ನು ತಾನು ಪಡೆಯುವುದು, ಇಲ್ಲವೇ ಜೀವ ಮತ್ತು ಯಂತ್ರ ಎರಡನ್ನೂ ಬೆರೆಸಿ ಒಂದಾಗಿಸುವುದು. ಜೂನ್ ತಿಂಗಳ ವಿಸ್ತರಣೆಯಲ್ಲಿ ನಾಲ್ಕನೆಯದೂ ಸೇರಿತು, ಯಾವುದನ್ನೂ ಒಪ್ಪೆನೆಂದು ನಿರಾಕರಿಸುವುದು. ಹಾಗೆ ಮಾಡಿದರೆ ಆ ಸರದಿಯವರು ಸೋಲುತ್ತಾರೆ, ಅವರು ಬರೆದಿಟ್ಟ ವಿವರಗಳಿಂದ ಮುಂದಿನವರು ಗೆಲ್ಲುತ್ತಾರೆ.

ಏಕಚಕ್ರದಲ್ಲಿ ಭೀಮ ಹಿಡಿದದ್ದು ಇನ್ನೊಂದು ದಾರಿ. ಬಕನ ಬೆನ್ನು ಮುರಿದ ಸದ್ದಿಗೆ ಅವನ ಬಂಧುಬಳಗವೆಲ್ಲ ಹೆದರಿ ಹೊರಗೆ ಬಂತು. ಭೀಮ ಅವರನ್ನು ಕೊಲ್ಲಲಿಲ್ಲ. ಇನ್ನು ಮೇಲೆ ಮನುಷ್ಯರನ್ನು ಹಿಂಸಿಸಬಾರದು, ಹಿಂಸಿಸಿದವರಿಗೆ ಇವನ ಗತಿಯೇ ಎಂದು ಷರತ್ತು ಹಾಕಿದ. ಅವರು ಆಗಲಿ ಎಂದು ಒಪ್ಪಿದರು. ಅಂದಿನಿಂದ ಅಲ್ಲಿನ ರಾಕ್ಷಸರು ಊರವರ ಕಣ್ಣಿಗೆ ಸಾಧುಗಳಾಗಿ ಕಾಣಿಸಿಕೊಂಡರಂತೆ. ಭೀಮ ಹೆಣವನ್ನು ಎಳೆದು ತಂದು ಊರಬಾಗಿಲಲ್ಲಿ ಹಾಕಿ, ಯಾರ ಕಣ್ಣಿಗೂ ಬೀಳದಂತೆ ಮನೆಗೆ ಹಿಂತಿರುಗಿದ. ಬೆಳಗ್ಗೆ ಜನ ಬಂದು ನೋಡಿ ಬೆರಗಾಗಿ, ನಿನ್ನೆ ಯಾರ ಸರದಿ ಇತ್ತೆಂದು ಲೆಕ್ಕ ಹಾಕಿ ಬ್ರಾಹ್ಮಣನ ಮನೆಗೆ ಬಂದರು. ಅವನು ಪಾಂಡವರ ಗುಟ್ಟು ಬಿಡದೆ, ಮಂತ್ರ ಬಲ್ಲ ಯಾರೋ ಒಬ್ಬರು ಕನಿಕರದಿಂದ ಗಾಡಿ ಹೊಡೆದುಕೊಂಡು ಹೋದರು ಎಂದಷ್ಟೇ ಹೇಳಿ ಕಳುಹಿಸಿದ.